ಇಣಚಿಬಾಲದ ಮೇಲಿನ ದೂರು

“ಒಲಿಗೆ ಸೀಲು ಹೊಡದು ಹೋದ್ರಲ್ಲರೀ, ಇನ್ನ ರೊಟ್ಟಿ ಎಲ್ಲೆ ಬಡೀಲಿ? ನಿಮ್ಮ ಈ ಮೇಜಿನ ಮ್ಯಾಲೇನು?”

ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಹೀಗೆ ಕೇಳಿದವಳು ಮಗ್ಗದ ಓಣಿಯ ಹುಲಿಗೆವ್ವ. ಜಗಳದ ಮೊದಲರ್ಧವನ್ನು ಅವಳು ಗೇಟಿನ ಕಾವಲುಗಾರನ ಜೊತೆಗೇ ಮುಗಿಸಿ ಬಂದಿದ್ದಳು. ಉಳಿದರ್ಧ ಯಾರ ಪಾಲಿಗೆ ಬರುತ್ತದೋ ಎಂದು ಒಳಗಿದ್ದವರೆಲ್ಲ ತಂತಮ್ಮ ಸೂಕ್ಷ್ಮದರ್ಶಕದೊಳಗೆ ಕಣ್ಣು ಹುದುಗಿಸಿಕೊಂಡರು. ಎದ್ದು ಬಂದವಳು ಪ್ರಫುಲ್ಲಾ ಮುದಕವಿ ಒಬ್ಬಳೇ. ಅವಳು ಅಲ್ಲಿನ ವಿಜ್ಞಾನಿ. ಹುಲಿಗೆವ್ವನ ಸೊಪ್ಪನ್ನು ಪರೀಕ್ಷೆ ಮಾಡಿದವರಲ್ಲಿ ಒಬ್ಬಳು.

“ಸೀಲು ನಾವು ಹೊಡದಿಲ್ರಿ ಅಮ್ಮಾರ. ನಾವು ವರದಿ ಕೊಟ್ಟಿವಿ, ಅಷ್ಟ.”

“ಅಷ್ಟ ಅಂತೀರಿ. ಕಡ್ಡಿ ಗೀರಿದವರು ನೀವು, ಬೆಂಕಿ ಹತ್ತಿದ್ದು ಗುಡಿಸಲಿನ ತಪ್ಪು. ಹೌದಿಲ್ಲೋ?”

“ಒಳಗ ಬರ್ರಿ. ಕೂತು ಮಾತಾಡೂಣು.”

“ಕೂಡಾಕ ಬಂದಿಲ್ಲ ಬಾಯಾರ. ನನ್ನ ಸೊಪ್ಪು ಹೆಂಗ ಕೂಸು ಕೊಲ್ತೈತಿ ತೋರಸ್ರಿ. ನೋಡಿ ಹೋಗ್ತೇನಿ.”

ಸೊಪ್ಪು ಎಂದರೆ ಇಣಚಿಬಾಲ. ಹೊಲದ ಬದುವಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುವ ಗಿಡ. ಹೂವಿನ ಗೊಂಚಲು ಇಣಚಿಯ, ಅಂದರೆ ಅಳಿಲಿನ, ಬಾಲದ ಹಾಗೆ ತುಪ್ಪಳವಾಗಿರುತ್ತದೆ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲಿ ಹೊಟ್ಟೆ ತೊಳಸಿ, ಉಂಡದ್ದು ನಿಲ್ಲದೆ ಹೋದಾಗ ಅದರ ಕಷಾಯ ಕೊಡುವುದು ಹುಲಿಗೆವ್ವನ ಮನೆತನದ ಹೆಂಗಸರ ಕೆಲಸ. ಅವರು ಅದಕ್ಕೆ ಕಾಸು ಮುಟ್ಟುವುದಿಲ್ಲ. ಇತ್ತೀಚೆಗೆ ಮಗ್ಗದ ಓಣಿಯಲ್ಲಿ ಒಬ್ಬರ ಹಿಂದೊಬ್ಬರಿಗೆ ಬಸುರು ನಿಲ್ಲಲಿಲ್ಲ. ಕಡೆಯವಳು ನೇಕಾರ ಈರಣ್ಣನ ಹೆಂಡತಿ ಕಾಶವ್ವ. ಎಲ್ಲರೂ ಹುಲಿಗೆವ್ವನ ಕಷಾಯ ಕುಡಿದವರೇ. ಮಾತು ಬಾಯಿಂದ ಬಾಯಿಗೆ ಹೋಯಿತು, ದೂರು ಬಂತು, ದೂರು ಪರೀಕ್ಷೆಯಾಯಿತು, ಪರೀಕ್ಷೆಯಲ್ಲಿ ಇಣಚಿಬಾಲ ಸೋತಿತು. ಹಿಂದಿನ ದಿನ ಸರಕಾರದ ನಾಲ್ಕು ಜನ ಜೀಪಿನಲ್ಲಿ ಬಂದು ಹುಲಿಗೆವ್ವನ ಒಲೆಯ ಬಾಯಿಗೆ ಪಟ್ಟಿ ಅಂಟಿಸಿ, ಅರಗು ಹಚ್ಚಿ ಹೋಗಿದ್ದರು. ಮನೆಯಲ್ಲಿದ್ದದ್ದು ಅದೊಂದೇ ಒಲೆ.

ಪ್ರಫುಲ್ಲಾ ಅವಳನ್ನು ಕತ್ತಲಕೋಣೆಗೆ ಕರೆದುಕೊಂಡು ಹೋದಳು. ಕಪ್ಪು ಕಪಾಟಿನ ಬಾಗಿಲು ತೆರೆದಾಗ ಒಳಗೆ ಸಾಲಾಗಿ ಗಾಜಿನ ಲೋಟ, ಲೋಟದ ಬಾಯಿಗೆ ಕೂತ ಉಳ್ಳಾಗಡ್ಡಿ, ಕೆಳಗೆ ಇಳಿಬಿದ್ದ ಬಿಳಿ ಬೇರು. ಕೆಲವು ಲೋಟಗಳಲ್ಲಿ ಬೇರಿನ ತುದಿಗಳು ತಣ್ಣನೆಯ ಹಸಿರು ಬೆಳಕಿನಲ್ಲಿ ಮಿಣುಕುತ್ತಿದ್ದವು.

“ಇದು ಮಿಣುಕಗಡ್ಡಿ ಏನು?” ಎಂದಳು ಹುಲಿಗೆವ್ವ. “ಟಿವಿಯಾಗ ತೋರಿಸಿದ್ರು. ನಾ ಏನೋ ದೊಡ್ಡ ಮಷಿನ್ ಇರಬೇಕು ಅನ್ಕೊಂಡಿದ್ದೆ. ಪಲ್ಯಾದ ಗಡ್ಡಿ ನನ್ನ ಮ್ಯಾಲ ಸಾಕ್ಷಿ ಹೇಳೇತೇನು?”

ಈ ಗಡ್ಡೆಯ ವಿಷಯ ಇಲ್ಲಿ ಎರಡು ಮಾತು ಹೇಳಿಬಿಡಬೇಕು. ಉಳ್ಳಾಗಡ್ಡಿಯ ಬೇರಿನ ತುದಿಯಲ್ಲಿ ಜೀವಕೋಶಗಳು ಹಗಲೂ ರಾತ್ರಿ ಎರಡಾಗುತ್ತಲೇ ಇರುತ್ತವೆ. ಎರಡಾಗುವಾಗಲೆಲ್ಲ ವಂಶವಾಹಿಯ ಎಳೆಗಳು ಸರಿಪಾಲಾಗಿ ಹಂಚಿಹೋಗಬೇಕು. ಏನಾದರೂ ವಿಷ ತಾಗಿ ಎಳೆ ತುಂಡಾದರೆ ಕೋಶ ತನ್ನೊಳಗೇ ಕೂಗು ಹಾಕುತ್ತದೆ: ಬನ್ನಿ, ಹರಿದಿದೆ, ಹೊಲಿಯಿರಿ ಎಂದು. ವಿಜ್ಞಾನಿಗಳು ಮಾಡಿದ್ದು ಇಷ್ಟೇ. ಆ ಕೂಗಿಗೆ ಮಿಣುಕುಹುಳದ ಬೆಳಕನ್ನು ಕಟ್ಟಿದರು. ಎಳೆ ಹರಿದಲ್ಲೆಲ್ಲ ಬೇರು ಮಿಣುಕುತ್ತದೆ. ಮೊದಲು ಇಂಥ ಪರೀಕ್ಷೆಗೆ ತಿಂಗಳು ಹಿಡಿಯುತ್ತಿತ್ತು. ಈಗ ಒಂದು ಹಗಲು ಸಾಕು.

ಪೇಟೆಯಲ್ಲಿ ಈ ಗಡ್ಡೆ ಡಬ್ಬಿಯಲ್ಲಿ ಸಿಗತೊಡಗಿದ ಮೇಲೆ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಕುಡಿಸಿದರು: ಹಲ್ಲುಪುಡಿ, ಕೂದಲಿನ ಬಣ್ಣ, ಬೀಗರ ಮನೆಯ ಉಪ್ಪಿನಕಾಯಿ. ಡಬ್ಬಿಯ ಜೊತೆಗೇ ಶುದ್ಧ ನೀರಿನ ಬಾಟಲಿ ಬರುತ್ತದೆ, ಕಲಸುವುದಕ್ಕೆ ಅದನ್ನೇ ಬಳಸಬೇಕು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹಾಗಾಗಿ ಬರೀ ನಳದ ನೀರನ್ನು ಅದಕ್ಕೆ ಕುಡಿಸಿ ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

“ಇವು ನಿಮ್ಮ ಕಷಾಯದ್ದು” ಎಂದು ಪ್ರಫುಲ್ಲಾ ಮಿಣುಕುವ ಲೋಟಗಳನ್ನು ತೋರಿಸಿದಳು. “ಬಸುರಿಯರ ಮನೀಗೆ ಹೋಗಿ, ನೀವು ಕುದಿಸಿ ಕೊಟ್ಟದ್ದನ್ನ ಬಾಟಲಿಯೊಳಗ ತಂದಿವಿ. ಎಲ್ಲಾ ಒಂದು ಕ್ಯಾನಿಗೆ ಸುರುವಿ, ಕಲಸಿ, ಗಡ್ಡಿಗೆ ಹಾಕಿದಿವಿ.”

“ಎಲ್ಲಾರದ್ದೂ ಕೂಡಸಿ?”

“ಹೌದ್ರಿ. ಅದು ಪದ್ಧತಿ. ಒಂದೊಂದು ಮನೀದು ಒಂದೊಂದು ಥರಾ ಇರ್ತದ, ಕೂಡಿಸಿದ್ರ ಒಂದು ಲೆಕ್ಕಕ್ಕ ಬರ್ತದ.”

ಹುಲಿಗೆವ್ವ ಗಲ್ಲದ ಮೇಲೆ ಕೈಯಿಟ್ಟಳು. “ಯವ್ವಾ, ಕೋಟೆ ಓಣಿಯಾಕಿ ಹೊಟ್ಟೀದು, ಮಗ್ಗದ ಓಣಿಯಾಕಿ ಹೊಟ್ಟೀದು ಒಂದs ಕ್ಯಾನಿಗೆ ಸುರುವೀರಿ? ನಮ್ಮವ್ವ ಕೇಳಿದ್ರ ನಿಮಗ ಸೌಟ್ಲೆ ಹೊಡೀತಿದ್ದಳು. ಅದನ್ನ ಕೂಡಸಂಗಿಲ್ಲ.”

“ಯಾಕ?”

“ಯಾಕಂದ್ರ? ನೀರು ಬ್ಯಾರೆ ಬ್ಯಾರೆ ಇರತೈತಲ್ಲ. ಬಸುರಿ ತನ್ನ ಮನಿಯಿಂದ ತಂಬಿಗಿ ನೀರು ತರಬೇಕು. ಆ ನೀರಾಗ ಕುದಿಸಿ ಆಕೀಗೆ ಕೊಡಬೇಕು. ಕೂಸು ಯಾವ ಮನೀ ನೀರು ಕುಡದು ಬೆಳೀತೈತೋ ಆ ನೀರಾಗ ಔಷಧ ಆಗಬೇಕು. ನಮ್ಮ ಮನೀ ನೀರು ಒಂದು ಹನಿ ಬೀಳಂಗಿಲ್ಲ. ಹಂಗ ನಡಕೊಂಡು ಬಂದೈತಿ. ಯಾಕೋ ಏನೋ ನನಗೂ ಗೊತ್ತಿಲ್ಲ.”

ಪ್ರಫುಲ್ಲಾ ಕಪಾಟಿನ ಬಾಗಿಲು ಹಿಡಿದುಕೊಂಡೇ ನಿಂತಳು. ಅವರು ಹೋಲಿಕೆಗೆಂದು ಬರೀ ನೀರಿನ ಲೋಟ ಇಟ್ಟಿದ್ದರು, ನಿಜ. ಅದು ಪ್ರಯೋಗಾಲಯದ ಬಟ್ಟಿ ಇಳಿಸಿದ ನೀರು. ಅದು ಮಿಣುಕಲಿಲ್ಲ, ಕಷಾಯ ಮಿಣುಕಿತು, ಆದ್ದರಿಂದ ಸೊಪ್ಪು ಕೆಟ್ಟದ್ದು ಎಂದು ಬರೆದರು. ಕಷಾಯ ಕುದಿದದ್ದು ಯಾವ ನೀರಿನಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

“ಹುಲಿಗೆವ್ವಾರ, ಈಗ ಎಲ್ಲೆ ಉಣ್ಣಾಕತ್ತೀರಿ?”

“ಎಲ್ಲೆ ಉಣ್ಲಿ? ಓಣಿಯಾಗ ಯಾರೂ ಮಾತಾಡಂಗಿಲ್ಲ. ಈರಣ್ಣನ ಹೇಣ್ತಿ ಕಾಶಿ ನನ್ನ ಕಂಡ್ರ ಬಾಗಿಲು ಹಾಕ್ಕೋತಾಳ. ಆಕೀ ಹುಟ್ಟಿದಾಗ ಹೊಕ್ಕಳಬಳ್ಳಿ ಕೊಯ್ದಾಕಿ ನಾನು.” ಅಲ್ಲಿಯವರೆಗೆ ಏರಿದ್ದ ಅವಳ ದನಿ ಆಗ ಇಳಿಯಿತು. “ಕೂಸು ತಿಂದಾಕಿ ಅಂತ ಕರೀತಾರ ಬಾಯಾರ ನನ್ನ.”

ತಣ್ಣನೆಯ ಪೆಟ್ಟಿಗೆಯಲ್ಲಿ ಒಂದೊಂದು ಬಾಟಲಿಯಿಂದಲೂ ಸ್ವಲ್ಪ ಉಳಿಸಿ ಇಟ್ಟಿದ್ದರು. ಪ್ರಫುಲ್ಲಾ ಈ ಸಲ ಯಾವುದನ್ನೂ ಕೂಡಿಸಲಿಲ್ಲ. ಒಂದೊಂದು ಮನೆಯ ಕಷಾಯಕ್ಕೆ ಒಂದೊಂದು ಗಡ್ಡೆ. ಪಕ್ಕದಲ್ಲಿ ಅದೇ ಮನೆಯ ಬರೀ ನೀರು. ಅದನ್ನು ಹುಲಿಗೆವ್ವನ ಮಾತಿನಂತೆ ತಂಬಿಗೆಗಳಲ್ಲಿ ತರಿಸಿದಳು. ಇನ್ನೊಂದು ಸಾಲಿನಲ್ಲಿ ಬದುವಿನಿಂದ ಕಿತ್ತು ತಂದ ಇಣಚಿಬಾಲ, ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದ್ದು.

ಫಲಿತಾಂಶವನ್ನು ಓದಲು ವಿಜ್ಞಾನಿಯೇ ಆಗಬೇಕಿರಲಿಲ್ಲ. ಬಟ್ಟಿ ನೀರಿನ ಕಷಾಯ ಕತ್ತಲಾಗಿತ್ತು. ಹೊಳೆಯ ನೀರು ಬರುವ ಕೋಟೆ ಓಣಿಯ ಕಷಾಯವೂ ಕತ್ತಲು, ನೀರೂ ಕತ್ತಲು. ಮಗ್ಗದ ಓಣಿಯ ಕಷಾಯ ಮಿಣುಕಿತು; ಮಗ್ಗದ ಓಣಿಯ ಬರೀ ನೀರು ಅದಕ್ಕಿಂತ ಹೆಚ್ಚು ಮಿಣುಕಿತು. ಆ ಓಣಿಗೆ ನೀರು ಬರುವುದು ಮೇಲುಗಡೆಯ ಬಣ್ಣದ ಕಾರ್ಖಾನೆಯ ಬೇಲಿಗೆ ಅಂಟಿಕೊಂಡು ಕೊರೆದ ಬೋರ್‌ವೆಲ್ಲಿನಿಂದ. ಬೋರ್‌ವೆಲ್ಲನ್ನೂ ನೀರಿನ ಟಾಕಿಯನ್ನೂ ಕಾರ್ಖಾನೆಯವರೇ ಧರ್ಮಕ್ಕೆ ಮಾಡಿಸಿಕೊಟ್ಟಿದ್ದರು. ಓಣಿಯವರು ಆ ಟಾಕಿಗೆ ಅಮಾವಾಸ್ಯೆಗೊಮ್ಮೆ ಕಾಯಿ ಒಡೆಯುತ್ತಾರೆ.

ಮನೆಗೆ ಬಂದಾಗ ಪ್ರಫುಲ್ಲಾಳ ಮಾವ ಚೆನ್ನಬಸಪ್ಪ ಅಡುಗೆಮನೆಯಲ್ಲಿ ರಟ್ಟಿನ ಪೆಟ್ಟಿಗೆಯ ತೂತಿಗೆ ಕಣ್ಣು ಹಚ್ಚಿಕೊಂಡು ಕೂತಿದ್ದರು. ನಿವೃತ್ತ ಬಸ್ ಕಂಡಕ್ಟರು. ಮಿಣುಕಗಡ್ಡಿ ಬಂದಾಗಿನಿಂದ ಅವರಿಗೆ ಹೊತ್ತು ಹೋಗುವುದು ಸುಲಭವಾಗಿತ್ತು.

“ನೋಡವಾ, ನನ್ನ ತಂಬಾಕಕ್ಕ ಈ ಗಡ್ಡಿ ದೀಪಾವಳಿ ಮಾಡಾಕತ್ತೇತಿ. ಗಡ್ಡಿ ಕೆಟ್ಟೈತಿ ಇದು.”

“ಗಡ್ಡಿ ಕೆಟ್ಟಿಲ್ರಿ ಮಾವಾರ.”

“ಹಂಗಾದ್ರ ತಂಬಾಕ ಬಿಡು ಅಂತೀಯೇನು? ಅದರಕ್ಕಿಂತ ಗಡ್ಡಿ ಬಿಡೋದು ಸಸಾರ.” ನಗುತ್ತಾ ತಲೆಯೆತ್ತಿದವರು ಸೊಸೆಯ ಮುಖ ನೋಡಿ ನಗು ನಿಲ್ಲಿಸಿದರು. “ಏನಾತು?”

ಅವಳು ರೊಟ್ಟಿ ಮುರಿಯುತ್ತಾ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ರೊಟ್ಟಿ ಪುಡಿಯಾಯಿತೇ ಹೊರತು ಬಾಯಿಗೆ ಹೋಗಲಿಲ್ಲ. ಚೆನ್ನಬಸಪ್ಪ ರಟ್ಟಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು.

“ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನಿಮ್ಮತ್ತಿ ತಂಬಿಗಿ ಹಿಡಕೊಂಡು ಹೋಗಿದ್ದಳು ಆ ಮನೀಗೆ” ಎಂದರು. “ಈ ಹುಲಿಗೆವ್ವನ ಅವ್ವನ ಕಡೆ. ಟಿಕೆಟ್ ಇಲ್ಲದವನು ಮುಂದಿನ ಸೀಟಿನಾಗ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತಾನ. ಟಿಕೆಟ್ ತಗೊಂಡು ನಿಂತ ಮುದುಕಿ ಕೊರಳು ಹಿಡದು ಕೆಳಗ ಇಳಿಸೀರಿ. ಇದು ಯಾವ ಸರ್ವೀಸವಾ ನಿಮ್ಮದು?”

“ನಾಳೆ ಸಾಹೇಬರ ಮುಂದ ಹೇಳ್ತೀನಿ.”

“ಹೇಳು. ಆದರ ಗಟ್ಟಿಯಾಗಿ ಹೇಳು. ನೀ ಮೆತ್ತಗ ಮಾತಾಡ್ತಿ, ನನಗs ಕೇಳಂಗಿಲ್ಲ.”

ಪ್ರಯೋಗಾಲಯದ ನಿರ್ದೇಶಕರು ಡಾ. ಶ್ರೀಪಾದ ಹುಯಿಲಗೋಳ. ದನಿ ಏರಿಸಿದವರಲ್ಲ, ಯಾರನ್ನೂ ಹೆಸರು ಹಿಡಿದು ಬೈದವರಲ್ಲ. ಪ್ರಫುಲ್ಲಾ ತಂದ ಚಿತ್ರಗಳನ್ನು ಅವರು ಒಂದೊಂದಾಗಿ, ಆಸ್ಥೆಯಿಂದ ನೋಡಿದರು. ಅದನ್ನು ಕಂಡು ಅವಳಿಗೆ ಆಸೆ ಹುಟ್ಟಿತು.

“ಭಾಳ ಛಲೋ ಕೆಲಸ ಮಾಡೀರಿ. ಕೂತುಕೋರಿ.”

“ಸೀಲು ಎಂದು ತಗೀತಾರ ಸರ್?”

“ಯಾವ ಸೀಲು?”

“ಹುಲಿಗೆವ್ವನ ಒಲೀದು.”

ಅವರು ಚಿತ್ರಗಳನ್ನು ಜೋಡಿಸಿ, ಅಂಚು ಸರಿಮಾಡಿ ಅವಳ ಕಡೆಗೆ ಸರಿಸಿದರು. “ನೋಡ್ರಿ ಪ್ರಫುಲ್ಲಾ. ನಮಗ ಬಂದ ಪತ್ರದೊಳಗ ಏನದ? ಇಣಚಿಬಾಲದ ವಂಶವಾಹಿ ಸುರಕ್ಷತೆ ಪರೀಕ್ಷೆ ಮಾಡ್ರಿ ಅಂತ ಅದ. ನೀರು ಅನ್ನೋ ಶಬ್ದ ಎಲ್ಲೆರ ಅದ ಏನು?”

“ಕಷಾಯ ಅಂದ್ರ ಮುಕ್ಕಾಲು ಪಾಲು ನೀರs ಅಲ್ಲೇನ್ರಿ ಸರ್?”

“ಅದು ಮಾಧ್ಯಮ. ನೀರಿಗೆ ಬ್ಯಾರೆ ಇಲಾಖೆ ಅದ. ಅವರು ಉಪ್ಪು ನೋಡ್ಯಾರ, ಗಡಸು ನೋಡ್ಯಾರ, ಕ್ರಿಮಿ ನೋಡ್ಯಾರ. ಕುಡಿಲಿಕ್ಕೆ ಯೋಗ್ಯ ಅಂತ ಬರದಾರ.”

“ಎಳೆ ಹರೀತದೋ ಇಲ್ಲೋ ಅಂತ ನೋಡಿಲ್ಲ.”

“ಅದನ್ನ ನೋಡ್ರಿ ಅಂತ ಅವರಿಗೆ ಯಾರೂ ಹೇಳಿಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವರು ಹೇಳಿದ ಒಂದೊಂದು ಮಾತೂ ನಿಜ. ಅಷ್ಟೂ ನಿಜಗಳನ್ನು ಕೂಡಿಸಿ ಒಂದೇ ಕ್ಯಾನಿಗೆ ಸುರುವಿದರೆ ಕೆಳಗೆ ಇಳಿಯುತ್ತಿದ್ದದ್ದು ಮಗ್ಗದ ಓಣಿಯ ನಳದ ನೀರು.

“ಸರ್, ಸೊಪ್ಪು ನಿರಪರಾಧಿ ಅಂತ ಒಂದು ಸಾಲು ಬರೀಬಹುದಲ್ಲ?”

“ಬರದ್ರ ಮೊದಲಿನ ವರದಿ ತಪ್ಪು ಅಂತಾಗ್ತದ. ತಪ್ಪು ಅಂತಾದ್ರ ನಾಳೆ ನಮ್ಮ ಯಾವ ವರದಿ ನಂಬ್ತಾರ ಹೇಳ್ರಿ? ನೂರು ಔಷಧ ಸಾಲಿನಾಗ ಕೂತಾವ. ಒಬ್ಬ ಮುದುಕಿ ಸಲುವಾಗಿ—”

“ಒಬ್ಬಾಕಿ ಅಲ್ಲರೀ. ಆ ಓಣಿಯೊಳಗ ಈಗೂ ಬಸುರಿಯರು ಅದಾರ. ನಾವು ಕಷಾಯ ನಿಲ್ಲಿಸಿವಿ. ನೀರು ನಿಲ್ಲಿಸಿಲ್ಲ.”

“ಮುಂದಿನ ವರ್ಷ ನೀರಿನ ಮ್ಯಾಲ ಬ್ಯಾರೆ ಯೋಜನಾ ಕಳಸೂಣು. ನೀವs ಬರೀರಿ. ನಾ ಸಹಿ ಮಾಡ್ತೀನಿ.”

“ಬಸುರು ಮುಂದಿನ ವರ್ಷದ ತನಕ ಕಾಯಂಗಿಲ್ಲ ಸರ್.”

ಅವಳ ದನಿ ಹೊರಗಿನ ಪಡಸಾಲೆಯವರೆಗೂ ಹೋಯಿತು. ಹುಯಿಲಗೋಳರು ಎದ್ದು ಬಾಗಿಲು ಮುಚ್ಚಿದರು. ಬಾಗಿಲು ಮುಚ್ಚಿ ತಿರುಗಿದಾಗ ಅವಳು ಚಿತ್ರಗಳನ್ನು ಅಲ್ಲಿಯೇ ಮೇಜಿನ ಮೇಲೆ ಬಿಟ್ಟು, ಇನ್ನೊಂದು ಬಾಗಿಲಿನಿಂದ ಕತ್ತಲಕೋಣೆಗೆ ಹೋಗಿದ್ದಳು. ಕಪಾಟಿನಿಂದ ಎರಡು ಲೋಟ ಎತ್ತಿದಳು. ಸ್ಟೋರಿನಲ್ಲಿ ಸಿಕ್ಕಿದ ಬೂಟಿನ ಡಬ್ಬಿಗೆ ತೂತು ಕೊರೆದು, ಲೋಟಗಳನ್ನು ಅದರೊಳಗೆ ಇಟ್ಟು ಹೊರಟಳು.

ಮಗ್ಗದ ಓಣಿಯಲ್ಲಿ ನಳ ಬಂದಿತ್ತು. ಹೊರಗೆ ಕೊಡಗಳ ಸಾಲು, ಮನೆಗಳೊಳಗೆ ಮಗ್ಗದ ಸದ್ದು. ನಳದ ಹಿಂದಿನ ಗೋಡೆಯ ಮೇಲೆ ಇಣಚಿಬಾಲದ ಮೇಲೆ ಅಡ್ಡಗೆರೆ ಎಳೆದ ಚಿತ್ರ ಅಂಟಿಸಿದ್ದರು. ಅದರ ಕೆಳಗೆ ಬರೆದಿತ್ತು: ‘ವಾಂತಿಯಾದಲ್ಲಿ ಕಷಾಯ ಸೇವಿಸಬೇಡಿ. ಹೆಚ್ಚು ಹೆಚ್ಚು ನೀರು ಕುಡಿಯಿರಿ.’

ಪ್ರಫುಲ್ಲಾ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಗೋಡೆಯಿಂದ ಅದನ್ನು ಕಿತ್ತು ಮುದ್ದೆ ಮಾಡಿದಳು.

“ಏ, ಯಾರವಾ ನೀನು? ಸರಕಾರದ ಕಾಗದ ಹರೀತೀಯಲ್ಲ” ಎಂದಳು ಸಾಲಿನಲ್ಲಿದ್ದ ಒಬ್ಬಳು.

“ಬರದವರ ಆಫೀಸಿನಾಕೀನ ನಾನು. ಹರಿಯೋ ಹಕ್ಕು ಅದ.”

ಹುಲಿಗೆವ್ವ ತನ್ನ ಕಟ್ಟೆಯ ಮೇಲೆ, ಮೂರು ಕಲ್ಲು ಹೂಡಿ ಮಾಡಿಕೊಂಡ ಒಲೆಯ ಮುಂದೆ ಕೂತಿದ್ದಳು. ಇವಳನ್ನು ನೋಡಿಯೂ ಎದ್ದು ಬರಲಿಲ್ಲ. ಪ್ರಫುಲ್ಲಾ ಡಬ್ಬಿಯನ್ನು ನಳದ ಕಟ್ಟೆಯ ಮೇಲಿಟ್ಟು ಒಬ್ಬೊಬ್ಬರನ್ನೇ ಕರೆದಳು. ಮೊದಲು ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಸೆರಗು ಸಿಕ್ಕಿಸಿ ಬಗ್ಗಿ ನೋಡಿದಳು. ಅವಳ ಹಿಂದೆ ಇನ್ನೊಬ್ಬಳು.

“ಒಂದು ಹೊಳಿಯಾಕತ್ತೇತಿ, ಒಂದು ಇಲ್ಲ.”

“ಹೊಳಿಯೋದು ಹುಲಿಗೆವ್ವನ ಕಷಾಯ ಇರಬೇಕು ತಗೋ.”

“ಹೊಳಿಯೋದು ಈ ನಳದ ನೀರು” ಎಂದಳು ಪ್ರಫುಲ್ಲಾ. ಈಗ ಅವಳ ದನಿ ಮೆತ್ತಗಿರಲಿಲ್ಲ. “ಬರೀ ನೀರು. ಸೊಪ್ಪು ಹಾಕಿಲ್ಲ. ಹೊಳೀದs ಇರೋದು ಇಣಚಿಬಾಲ, ಬ್ಯಾರೆ ನೀರಿನೊಳಗ ಕುದಿಸಿದ್ದು. ಆಕೀ ಸೊಪ್ಪಿನಾಗ ಏನೂ ಸಿಕ್ಕಿಲ್ಲ. ನಾವು ಎಲ್ಲಾರ ಮನೀದೂ ಕೂಡಿಸಿ ಹಾಕಿದಿವಿ, ತಿಳೀಲಿಲ್ಲ. ತಪ್ಪು ನಮ್ಮದು.”

ಯಾರೂ ಒಮ್ಮೆಗೇ ನಂಬಲಿಲ್ಲ. ಹಿಂದಿನ ವಾರ ಸೊಪ್ಪು ಅಂದವರು ನೀವೇ, ಈಗ ನೀರು ಅಂದವರೂ ನೀವೇ, ಮುಂದಿನ ವಾರ ಗಾಳಿ ಅಂತೀರೇನು ಎಂದು ಒಬ್ಬಳು ಕೇಳಿದಳು. ಟಾಕಿ ಕಟ್ಟಿಸಿಕೊಟ್ಟವರ ಮೇಲೆ ಹೊಟ್ಟೆಕಿಚ್ಚು ಎಂದಳು ಇನ್ನೊಬ್ಬಳು. ಹುಲಿಗೆವ್ವ ಇವಳಿಗೆ ಏನು ಕುಡಿಸಿ ಕಳಿಸಿದ್ದಾಳೋ ಎಂದು ಹಿಂದಿನಿಂದ ಯಾರೋ ಅಂದಾಗ ನಗು ಎದ್ದಿತು.

ಆಗ ಹುಲಿಗೆವ್ವ ಕಟ್ಟೆಯಿಂದ ಇಳಿದು ಬಂದಳು.

“ನಗ್ರಿ. ನನ್ನ ಮ್ಯಾಲಿನ ದೂರು ಹಂಗs ಇರವಲ್ದ್ಯಾಕ. ಕೂಸು ತಿಂದಾಕಿ ಅಂತs ಕರೀರಿ, ನನಗ ರೂಢಿ ಆಗೈತಿ. ನಾನು ಕೇಳೋದು ಒಂದs. ಈ ನೀರು ಒಯ್ಯಬ್ಯಾಡ್ರಿ. ಕೋಟೆ ಓಣಿಯಿಂದ ತರ್ರಿ. ಬಸುರಿದ್ದವರು ಹೊರಬ್ಯಾಡ್ರಿ, ಅವರದ್ದು ನಾ ಹೊತ್ತು ತರ್ತೇನಿ.”

ನಗು ನಿಂತಿತು. ನಳದ ಬಾಯಿಗೆ ಕೊಡ ಹಿಡಿದವಳು ಕಾಶವ್ವ. ಅಷ್ಟು ಹೊತ್ತೂ ಅವಳು ಡಬ್ಬಿಯಲ್ಲಿ ಬಗ್ಗಿ ನೋಡಿರಲಿಲ್ಲ. ತುಂಬಿದ ಕೊಡದಿಂದ ನೀರು ಹೊರಚೆಲ್ಲುತ್ತಿತ್ತು. ಅವಳು ಹುಲಿಗೆವ್ವನ ಕಡೆ ನೋಡದೆ ಪ್ರಫುಲ್ಲಾಳನ್ನು ಕೇಳಿದಳು.

“ಅಕ್ಕಾರ, ಹಂಗಾದ್ರ ನಂದು ಹೋದದ್ದು ಈ ನೀರಿನಿಂದನs ಏನು?”

ಹೌದು ಅನ್ನುವುದು ಬಹಳ ಸುಲಭವಿತ್ತು. ಅಂದಿದ್ದರೆ ಓಣಿಯೆಲ್ಲ ಆ ಕ್ಷಣವೇ ನಂಬುತ್ತಿತ್ತು. “ನಿಮ್ಮ ಒಬ್ಬರ ವಿಷಯ ನನಗ ಹೇಳಾಕ ಬರೂದಿಲ್ಲವಾ” ಎಂದಳು ಪ್ರಫುಲ್ಲಾ. “ಹೇಳಿದ್ರ ಮತ್ತ ಮೊದಲಿನಂಗs ಸುಳ್ಳು ಬರದಂಗ ಆಗ್ತದ. ಈ ನೀರು ಎಳೆ ಹರೀತದ, ಅದನ್ನ ಕಣ್ಣಾರೆ ನೋಡೀನಿ. ನನ್ನ ಹೊಟ್ಟ್ಯಾಗ ಕೂಸು ಇದ್ದಿದ್ರ ನಾನು ಇದನ್ನ ಕುಡೀತಿದ್ದಿಲ್ಲ.”

ಕಾಶವ್ವ ಹುಲಿಗೆವ್ವನ ಕಡೆ ತಿರುಗಿದಳು.

“ನಾ ಬೈದದ್ದೆಲ್ಲ ನಿನ್ನ, ಚಿಗವ್ವಾ.”

“ಗೊತ್ತೈತಿ. ಕಿವಿ ಇನ್ನೂ ಚುರುಕು ಅದಾವ ನನಗ.”

“ಮಣ್ಣು ಸೈತ ತೂರಿದೆ ನಿನ್ನ ಬಾಗಿಲಿಗೆ.”

“ಕಸ ಹೊಡಕೊಂಡ್ನಿ ಬಿಡು. ಬೈಯೋದು ಬಿಡಬ್ಯಾಡ, ಬೈಯಿ. ಯಾರನ್ನ ಅಂತ ನೋಡಿ ಬೈಯಿ.”

ಕಾಶವ್ವ ತುಂಬಿದ ಕೊಡವನ್ನು ಎರಡೂ ಕೈಯಿಂದ ಎತ್ತಿ ಗಟಾರಕ್ಕೆ ಸುರುವಿದಳು. ಖಾಲಿ ಕೊಡವನ್ನು ನಳದ ಕೆಳಗೆ ಬೋರಲು ಹಾಕಿ, ಹಿಂದಿನವಳು ತನ್ನ ಕೊಡವನ್ನು ಮುಂದೆ ತಳ್ಳುವ ಮೊದಲೇ, ಬೆನ್ನು ನಳದ ಕಂಬಕ್ಕೆ ಕೊಟ್ಟು, ಯಾರೂ ನೀರು ಹಿಡಿಯದ ಹಾಗೆ, ಆ ಕೊಡದ ಮೇಲೆ ಕೂತುಬಿಟ್ಟಳು. ನೀರು ಅವಳ ಹೆಗಲ ಮೇಲೆ ಬಿದ್ದು, ಮಡಿಲು ತೋಯಿಸಿ, ಕಾಲ ಬೆರಳುಗಳ ಸಂದಿಯಿಂದ ಓಣಿಗೆ ಹರಿಯಿತು.